ಪಂಕ್ತಿಭೇದವಿಲ್ಲದ ಊಟ: ಕರ್ತನ ಮೇಜಿನ ಲೆಕ್ಕಾಚಾರ

ತಿಂಗಳ ಮೊದಲ ಭಾನುವಾರದ ಆರಾಧನೆ. ಪ್ರಸಂಗ ಮುಗಿದು, ಕಾಣಿಕೆ ಎತ್ತಿ, ಕರ್ತನ ಭೋಜನದ (ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ) ಹಾಡು ಶುರುವಾಗುವ ಹೊತ್ತಿಗೆ ಹಿಂದಿನ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಬಾಗಿಲ ಬಳಿ ಚಪ್ಪಲಿ ಹುಡುಕುವ ಸದ್ದು, ಆಮೇಲೆ ಸ್ಕೂಟರ್ ಸದ್ದು. ನಮ್ಮ ಕನ್ನಡ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದು ಅಪರೂಪವೇನಲ್ಲ. ಎದ್ದು ಹೋಗುವವರಲ್ಲಿ ಎರಡು ಬಗೆ. ಪ್ರಸಂಗ ಕೇಳಿದ್ದಾಯಿತು, ಉಳಿದದ್ದು ಬಾಲಂಗೋಚಿ ಅಂದುಕೊಂಡವರು ಒಂದು ಬಗೆ; ಅವರಿಗೆ ಮನೆಯ ಒಲೆಯ ಚಿಂತೆ. ಇನ್ನೊಂದು ಬಗೆಯವರು ಹೆದರಿ ಹೋಗುವವರು. "ಅತ್ತಿಗೆ ಜೊತೆ ಮಾತು ಬಿಟ್ಟಿದ್ದೀನಿ, ನಾನ್ ಹೆಂಗ್ ತಗೊಳ್ಲಿ?" "ನಾನು ಅದಕ್ಕೆ ಯೋಗ್ಯನಲ್ಲ ಬಿಡಿ." ವರ್ಷಗಟ್ಟಲೆ ಹೀಗೆಯೇ ಬಾಗಿಲಿನಿಂದ ವಾಪಸಾಗುವವರಿದ್ದಾರೆ.

ಈ ಬರಹ ಆ ಎರಡನೆಯ ಬಗೆಯವರಿಗೆ, ಮತ್ತೆ ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಮೇಜು ಸಿದ್ಧ ಮಾಡುವವರಿಗೆ. ಎರಡು ಗುಂಪಿಗೂ ನಂಟಿದೆ. ಆ ಮೇಜನ್ನು ಹೇಗೆ ಜೋಡಿಸುತ್ತೇವೆ, ಯಾರಿಗೆ ಮೊದಲು ಕೊಡುತ್ತೇವೆ, ಯಾರಿಗಾಗಿ ಕಾಯುತ್ತೇವೆ ಎನ್ನುವುದರಲ್ಲೇ ಕರ್ತನ ಭೋಜನದ ಅರ್ಥ ಅರ್ಧಕ್ಕಿಂತ ಹೆಚ್ಚು ಇದೆ.

ಹೆದರಿಕೆಯ ಮೂಲ ಬೈಬಲಿನ ಒಂದೇ ಅಧ್ಯಾಯ: 1 ಕೊರಿಂಥ 11, ಅಂದರೆ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಕಾಗದದ 11ನೇ ಅಧ್ಯಾಯ. ಅಯೋಗ್ಯವಾಗಿ ತಿಂದರೆ, ಕುಡಿದರೆ ಅಪರಾಧ. ಅದರ ದೆಸೆಯಿಂದಲೇ ನಿಮ್ಮಲ್ಲಿ ಬಲಹೀನರೂ ರೋಗಿಗಳೂ ಇದ್ದಾರೆ ಎಂದು ಪೌಲ ಬರೆಯುತ್ತಾನೆ. ಕೇಳಿದವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಕಾಗದ ಯಾರಿಗೆ, ಯಾವ ಗಲಾಟೆಯ ನಡುವೆ ಹೋಯಿತು ಎನ್ನುವುದನ್ನು ಅದೇ ಅಧ್ಯಾಯ ಹೇಳುತ್ತದೆ. ಸುಮಾರು ಕ್ರಿ.ಶ. 55ರ ಮಾತು. ಯೇಸುವಿನ ಜೀವನ ಹೇಳುವ ಸುವಾರ್ತೆಗಳು ಇನ್ನೂ ಬರಹಕ್ಕೆ ಇಳಿದಿರಲಿಲ್ಲ. ಕರ್ತನ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಇದೇ. ಆಗ ಚರ್ಚು ಎಂಬ ಕಟ್ಟಡ ಇರಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಸಭೆ ಸೇರುತ್ತಿತ್ತು, ರೊಟ್ಟಿ ಮುರಿಯುವುದೂ ನಿಜವಾದ ಊಟದ ಜೊತೆಗೇ. ಉಳ್ಳವರು ತಮ್ಮ ತಮ್ಮ ಊಟವನ್ನು ಮುಂದಾಗಿ ಮಾಡಿ ಮುಗಿಸುತ್ತಿದ್ದರು. ಕೂಲಿಯವರು, ದಾಸರು ಯಜಮಾನರ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾತ್ರೆ ಖಾಲಿ. ಒಬ್ಬನು ಹಸಿದಿದ್ದಾನೆ, ಮತ್ತೊಬ್ಬನು ಅಮಲೇರಿ ಕೂತಿದ್ದಾನೆ ಎಂದು ಪೌಲ ನೇರವಾಗಿ ಬೈಯುತ್ತಾನೆ. ಇದಕ್ಕೆ ನಮ್ಮ ಭಾಷೆಯಲ್ಲಿ ಸರಿಯಾದ ಪದವೇ ಇದೆ: ಪಂಕ್ತಿಭೇದ.

ಈಗ "ಅಯೋಗ್ಯವಾಗಿ" ಎಂಬ ಪದ ನೋಡಿ. ಮೂಲ ಗ್ರೀಕಿನಲ್ಲೂ ಅದು ಕ್ರಿಯಾವಿಶೇಷಣ. ತಿನ್ನುವ ರೀತಿಯನ್ನು ಹೇಳುತ್ತದೆ, ತಿನ್ನುವವನ ಯೋಗ್ಯತೆಯನ್ನು ಅಳೆಯುವುದಿಲ್ಲ. ಪಕ್ಕದವನು ಹಸಿದಿರುವಾಗ ನಾನು ಮೇಜಿನ ಮುಂದೆ ಉಂಡು ತೇಗಿದರೆ ಅದು ಅಯೋಗ್ಯವಾಗಿ ತಿನ್ನುವುದು. ಮುಂದಿನ ವಚನವನ್ನಂತೂ ಜನ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ ಎಂಬಲ್ಲಿಗೆ ವಾಕ್ಯ ಮುಗಿಯುವುದಿಲ್ಲ. ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ, ಪಾತ್ರೆಯಲ್ಲಿ ಕುಡಿಯಲಿ ಎಂದಿದೆ. ಎದ್ದು ಮನೆಗೆ ಹೋಗಲಿ ಎಂದಿಲ್ಲ. ಕೊನೆಗೆ ಪೌಲ ಕೊಡುವ ಮದ್ದು ಒಂದೇ ಸಾಲಿನದು: ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ.

ಇದು ನಮ್ಮ ನೆಲದಲ್ಲಿ ಎಷ್ಟು ಚುಚ್ಚಬೇಕಾದ ಮಾತು! ಎಂಜಲು ಎಂಬ ಪದಕ್ಕೆ ಇರುವ ಭಾರ ಗೊತ್ತಿರುವವರಿಗೆ ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವುದು ಎಂದರೆ ಏನೆಂದು ವಿವರಿಸಬೇಕಿಲ್ಲ. ಬೇರೆ ಜಾತಿಯವನ ತುಟಿ ತಾಗಿದ ಲೋಟವನ್ನು ಮುಟ್ಟದ ಸಮಾಜದ ನಡುವೆ ಒಂದು ಪಾತ್ರೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಯಿತು. ಸುಲಭವಾಗಿಯಂತೂ ಹೋಗಲಿಲ್ಲ. ತಮಿಳು ಸೀಮೆಯ ಹಳೆಯ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದ ಕ್ರೈಸ್ತರು ಮೊದಲು, ಉಳಿದವರು ಆಮೇಲೆ ಎಂಬ ಪದ್ಧತಿ ಬಹಳ ಕಾಲ ನಡೆಯಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಗಳೊಳಗೆ ಜಾತಿಭೇದ ಕೂಡಲೇ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದ. ಆಗ ಮದ್ರಾಸ್ ಪ್ರಾಂತ್ಯವೂ ಅವನ ಅಧೀನದಲ್ಲೇ ಇತ್ತು. ತಂಜಾವೂರಿನಲ್ಲಿ, ಮದ್ರಾಸಿನ ವೇಪೇರಿಯಲ್ಲಿ ಹಲವರು ಇದೇ ಕಾರಣಕ್ಕೆ ಸಭೆ ಬಿಟ್ಟರು. ಸಿದ್ಧಾಂತದ ಪುಸ್ತಕದಲ್ಲಿ ಒಪ್ಪಿಕೊಂಡದ್ದು ಪಾತ್ರೆ ತುಟಿಗೆ ಬಂದಾಗ ಗಂಟಲಲ್ಲಿ ಸಿಕ್ಕಿಕೊಂಡಿತು.

ದಕ್ಷಿಣ ಭಾರತ ಸಭೆ, ಎಲ್ಲರ ಬಾಯಲ್ಲಿ ಸಿ.ಎಸ್.ಐ., 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೀರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದೇ ಸಭೆಯಾದರು. ಮಂಗಳೂರು, ಧಾರವಾಡದ ಕಡೆಯ ಬಾಸೆಲ್ ಮಿಶನ್ ಸಭೆಗಳೂ ಇಂದು ಅದರೊಳಗೇ ಇವೆ. ಒಂದಾದ ಮೇಲೆ ಮೊದಲ ಪ್ರಶ್ನೆ, ಮೇಜಿನ ಮುಂದೆ ಯಾರ ಪುಸ್ತಕ ಹಿಡಿಯುವುದು? 1950ರಲ್ಲಿ ಹೊಸ ಭೋಜನಕ್ರಮ ಬಂತು. ಅದರಲ್ಲಿ ಮೂರು ಸಂಗತಿ ಆಗಿನ ಪ್ರಾಟೆಸ್ಟೆಂಟ್ ಜಗತ್ತಿಗೇ ಹೊಸತಾಗಿ ಕಂಡವು. ಸಭಾಪಾಲಕರು ಸಭೆಗೆ ಬೆನ್ನು ಹಾಕದೆ ಮೇಜಿನ ಹಿಂದೆ, ಜನರ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕಾಣಿಕೆಯ ಜೊತೆಗೆ ಜನರ ನಡುವಿನಿಂದ ತರುತ್ತಾರೆ. ಮತ್ತೆ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ.

ಈ ಮೂರನೆಯದರ ಬಳಿ ಸ್ವಲ್ಪ ನಿಲ್ಲೋಣ. ಕೇರಳದ ಸಿರಿಯನ್ ಸಭೆಗಳ ಹಳೆಯ ರೂಢಿಯಿಂದ ಬಂದದ್ದು ಇದು. ಮುಗಿದ ಎರಡು ಕೈಗಳನ್ನು ಮುಂದೆ ಚಾಚಬೇಕು. ಎದುರಿನವರು ತಮ್ಮ ಎರಡು ಅಂಗೈಗಳ ನಡುವೆ ಅದನ್ನು ಹಿಡಿಯುತ್ತಾರೆ. ಆಮೇಲೆ ಅವರು ಕೈ ಮುಗಿದು ಪಕ್ಕದವರ ಕಡೆ ತಿರುಗುತ್ತಾರೆ. ಮೇಜಿನಿಂದ ಹೊರಟ ಸಮಾಧಾನ ಬೆಂಚಿನ ಕೊನೆಯವರೆಗೆ ಹೀಗೆ ಸಾಗುತ್ತದೆ. ಅದನ್ನು ಎಲ್ಲಿ ಇಟ್ಟಿದ್ದಾರೆ ನೋಡಿ: ಕಾಣಿಕೆಗೆ ಮುಂಚೆ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಒಂದಾಗು ಎಂಬ, ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ ಮಾತು ಇಲ್ಲಿ ಕೈಗೆ ಬರುತ್ತದೆ. ಅತ್ತಿಗೆ ಜೊತೆ ಮಾತು ಬಿಟ್ಟವರಿಗೆ ಸಭೆ ತೋರಿಸುವ ದಾರಿ ಅತ್ತಿಗೆ ಕೂತಿರುವ ಬೆಂಚಿನ ಕಡೆಗೆ. ಬಾಗಿಲಿನ ಕಡೆಗಲ್ಲ. ಈಚೆಗೆ ಎಷ್ಟೋ ಕಡೆ ಇದು ಅಕ್ಕಪಕ್ಕದವರಿಗೆ ಒಂದು ಹಲೋ, ಕೈಕುಲುಕು, ಮೊನ್ನೆಯ ಮದುವೆಯ ಮಾತು ಎಂದಾಗಿಹೋಗಿದೆ. ಹೊತ್ತು ಆಯಿತೆಂದು ಅದನ್ನೂ ಕೈಬಿಡುವ ಸಭೆಗಳಿವೆ. ಹೊತ್ತು ಉಳಿಸಲೇಬೇಕಿದ್ದರೆ ಪ್ರಕಟಣೆಗಳನ್ನು ಮೊಟಕುಗೊಳಿಸಿ, ಇದನ್ನು ಮುಟ್ಟಬೇಡಿ.

ಭೋಜನದ ಕ್ರಮದ ಎಲುಬುಗೂಡು ನಾಲ್ಕು ಕ್ರಿಯಾಪದ: ತೆಗೆದುಕೊಂಡನು, ಸ್ತೋತ್ರ ಮಾಡಿದನು, ಮುರಿದನು, ಕೊಟ್ಟನು. ಪುಸ್ತಕದಲ್ಲಿ ಪುಟಗಟ್ಟಲೆ ಇರುವುದೆಲ್ಲ ಈ ನಾಲ್ಕರ ಮೇಲೆ ಬೆಳೆದ ಮಾಂಸ. ರೊಟ್ಟಿಯನ್ನು ಮೇಜಿಗೆ ತರುವುದು ಮೊದಲನೆಯದು. ಹೃದಯಗಳನ್ನು ಮೇಲಕ್ಕೆತ್ತುವ ಕರೆಯಿಂದ ಹಿಡಿದು, ಪರಿಶುದ್ಧನು ಎಂದು ಮೂರು ಸಲ ಹಾಡಿ, ಕರ್ತನ ಮಾತುಗಳನ್ನು ನೆನೆದು, ಪವಿತ್ರಾತ್ಮನನ್ನು ಬೇಡುವವರೆಗಿನ ದೊಡ್ಡ ಪ್ರಾರ್ಥನೆ ಎರಡನೆಯದು. ಅದರ ನಡುವೆ ಜನರು ಒಟ್ಟಾಗಿ ಹೇಳುವ, ಕರ್ತನ ಮರಣವನ್ನು ಸ್ಮರಿಸಿ ಪುನರುತ್ಥಾನವನ್ನು ಅರಿಕೆ ಮಾಡಿ ಬರೋಣವನ್ನು ಎದುರು ನೋಡುವ ಮಾತೂ ಸಿರಿಯನ್ ಸಂಪ್ರದಾಯದ ಕೊಡುಗೆಯೇ. ಮುರಿಯುವುದು ಮೂರನೆಯದು, ಹಂಚುವುದು ನಾಲ್ಕನೆಯದು.

ರೊಟ್ಟಿ ಮತ್ತು ರಸ ಏನಾಗುತ್ತವೆ ಎಂಬ ಪ್ರಶ್ನೆಯಲ್ಲಿ ಸಭೆಗಳು ಒಡೆದು ಹೋಗಿವೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಪ್ರಾಟೆಸ್ಟೆಂಟ್ ಸುಧಾರಕರಾದ ಲೂಥರ್, ಸ್ವಿಂಗ್ಲಿ ಎದುರುಬದುರು ಕೂತು 15 ಅಂಶಗಳಲ್ಲಿ 14ಕ್ಕೆ ಒಪ್ಪಿ, ಇದೊಂದರಲ್ಲಿ ಬೇರೆಯಾದರು. ಕಥೋಲಿಕರಿಗೆ ಬಲಿಪೂಜೆಯ ಪರಮಪ್ರಸಾದ ಕ್ರಿಸ್ತನ ದೇಹವೇ. ಅದನ್ನು ಸ್ವೀಕರಿಸುವ ಮುಂಚೆ ಕನಿಷ್ಠ ಒಂದು ಗಂಟೆ ನೀರು, ಔಷಧಿ ಬಿಟ್ಟು ಏನೂ ಸೇವಿಸುವಂತಿಲ್ಲ. ಕೆಲವು ಸ್ವತಂತ್ರ ಸಭೆಗಳಿಗೆ ಇದು ನೆನಪಿನ ಗುರುತು ಮಾತ್ರ. ಸಿ.ಎಸ್.ಐ. ತನ್ನೊಳಗಿನ ಹಲವು ದನಿಗಳನ್ನು ಒಂದೇ ವಿವರಣೆಗೆ ಕಟ್ಟಿಹಾಕಲು ಹೋಗಲಿಲ್ಲ. ಇಲ್ಲಿ ಅದನ್ನು ಬಗೆಹರಿಸುವ ಗೋಜಿಗೆ ಹೋಗುವುದಿಲ್ಲ. ಮೇಜಿನ ಮೇಲೆ ಏನಿಡಬೇಕು ಎನ್ನುವುದಕ್ಕೆ ಬರೋಣ.

ಮೊದಲು ರೊಟ್ಟಿ. ಬಿಲ್ಲೆಯಂಥ ಬಿಳಿಯ ತೆಳು ಅಪ್ಪ, ಬಳಕೆಯಲ್ಲಿ ವೇಫರ್, ಗೋಧಿ ಹಿಟ್ಟು ಮತ್ತು ನೀರು ಎರಡರಿಂದಲೇ ಆಗುವುದು. ತೆಳ್ಳಗೆ ಕಲಸಿದ ಹಿಟ್ಟನ್ನು ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತಿ ಸುಡುತ್ತಾರೆ. ಸುಟ್ಟ ಹಾಳೆಯನ್ನು ಕೂಡಲೇ ಕತ್ತರಿಸಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಹಾಗಾಗಿ ತೇವ ಇರುವ ಕಡೆ ಇಟ್ಟು ಮೆತ್ತಗಾಗಿಸಿ, ಆಮೇಲೆ ಬಿಲ್ಲೆ ಕತ್ತರಿಸಿ ಮತ್ತೆ ಒಣಗಿಸಬೇಕು. ಜನರಿಗೆ ಕೊಡುವ ಬಿಲ್ಲೆ ಸುಮಾರು 3 ಸೆಂ.ಮೀ. ಅಗಲ, ಎತ್ತಿ ತೋರಿಸುವ ದೊಡ್ಡದು 7 ಸೆಂ.ಮೀ. ಆಸುಪಾಸು. ಕಥೋಲಿಕ ನಿಯಮದಲ್ಲಿ ಗೋಧಿ ಬಿಟ್ಟು ಬೇರೆ ಹಿಟ್ಟಿಗೆ ಅವಕಾಶವಿಲ್ಲ. ಗೋಧಿಯ ಅಂಟು (ಗ್ಲುಟೆನ್) ಒಗ್ಗದವರಿಗೆ ಅಂಟು ತೀರಾ ಕಡಿಮೆ ಇರುವ ಬಿಲ್ಲೆ ನಡೆಯುತ್ತದೆ, ಅಂಟೇ ಇಲ್ಲದ್ದು ನಡೆಯುವುದಿಲ್ಲ ಎಂದು 2017ರಲ್ಲಿ ವ್ಯಾಟಿಕನ್ ಮತ್ತೊಮ್ಮೆ ನೆನಪಿಸಿತು. ಕರಾವಳಿಯವರಿಗೆ ಒಂದು ಕಿವಿಮಾತು: ಆಷಾಢದ ಮಳೆಯಲ್ಲಿ ಪೊಟ್ಟಣ ಒಡೆದು ಹಾಗೇ ಬಿಟ್ಟರೆ ಎರಡೇ ದಿನದಲ್ಲಿ ಬಿಲ್ಲೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಬಿಗಿ ಮುಚ್ಚಳದ ಡಬ್ಬಿ ಬೇಕು, ತಿಂಗಳಿಗೆ ಬೇಕಾದಷ್ಟನ್ನೇ ಅದರಿಂದ ತೆಗೆಯಬೇಕು.

ನನ್ನ ಒಲವು ಮುರಿಯುವ ರೊಟ್ಟಿಯ ಕಡೆಗೆ. ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಎಂದು ಓದಿ, ಕಾರ್ಖಾನೆಯಲ್ಲಿ ಮೊದಲೇ ಬೇರೆ ಬೇರೆಯಾದ 200 ಬಿಲ್ಲೆಗಳನ್ನು ಹಂಚುವಾಗ ಕಣ್ಣಿಗೆ ಕಾಣುವುದೂ ಕಿವಿಗೆ ಬೀಳುವುದೂ ಹೊಂದುವುದಿಲ್ಲ. ಅನೇಕ ಸಭೆಗಳು ಬೇಕರಿಯ ಸ್ಯಾಂಡ್‌ವಿಚ್ ಬ್ರೆಡ್ ತಂದು ಕತ್ತರಿಸುತ್ತವೆ. ಅಂಚು ತೆಗೆದ ಒಂದು ಹೋಳು ಸುಮಾರು 9 ಸೆಂ.ಮೀ. ಚೌಕ, ಒಂದೂವರೆ ಸೆಂ.ಮೀ. ತುಂಡು ಮಾಡಿದರೆ 36 ಬರುತ್ತವೆ. 200 ಮಂದಿಗೆ ಆರು ಹೋಳು ಸಾಕು. ಇದರಲ್ಲಿ ಎಡವುವುದು ಮೂರು ಕಡೆ. ಗೊತ್ತಿಲ್ಲದೆ ಸಿಹಿ ಬ್ರೆಡ್ ತರುವುದು. ರಾತ್ರಿಯೇ ಕತ್ತರಿಸಿ ಫ್ಯಾನಿನ ಕೆಳಗಿಟ್ಟು ರಸ್ಕ್ ಮಾಡುವುದು. ತೀರಾ ತಾಜಾ ಬ್ರೆಡ್ಡನ್ನು ಮೊಂಡು ಚಾಕುವಿನಲ್ಲಿ ಒತ್ತಿ ಹಿಟ್ಟಿನ ಉಂಡೆ ಮಾಡುವುದು. ಹಿಂದಿನ ದಿನದ ಬ್ರೆಡ್, ಹಲ್ಲಿನ ಚಾಕು, ಭಾನುವಾರ ಬೆಳಗ್ಗೆ ಕತ್ತರಿಸುವುದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ ಮುಚ್ಚುವುದು. ಇಷ್ಟು ಮಾಡಿದರೆ ಸಾಕು. ಎಲ್ಲವನ್ನೂ ತುಂಡು ಮಾಡಬೇಡಿ. ಸಭೆಯ ಕಣ್ಣೆದುರು ಮುರಿಯಲು ಒಂದು ಇಡೀ ತುಂಡು ಉಳಿದಿರಲಿ.

ಮನೆಯಲ್ಲೇ ಮಾಡುವುದಾದರೆ ಇನ್ನೂ ಒಳ್ಳೆಯದು. ಗೋಧಿ ಹಿಟ್ಟು 250 ಗ್ರಾಂ, ನೀರು 140 ಎಂ.ಎಲ್. ಸುಮಾರು, ಎಣ್ಣೆ ಒಂದು ದೊಡ್ಡ ಚಮಚ, ಉಪ್ಪು ಚಿಟಿಕೆ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಕಲಸಿ, ಅರ್ಧ ಗಂಟೆ ಮುಚ್ಚಿಟ್ಟು, ಅರ್ಧ ಸೆಂ.ಮೀ. ದಪ್ಪಕ್ಕೆ ಎರಡು ರೊಟ್ಟಿ ಲಟ್ಟಿಸಿ. ಹಸಿಯಿರುವಾಗಲೇ ಚಾಕುವಿನಿಂದ ಚೌಕುಳಿ ಗೆರೆ ಎಳೆಯಬೇಕು, ಅಡಿಯವರೆಗೆ ಇಳಿಸಬಾರದು. ಬೆಂದ ಮೇಲೆ ಗೆರೆಯುದ್ದಕ್ಕೂ ಸಲೀಸಾಗಿ ಮುರಿಯುತ್ತದೆ. ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ಒಂದೊಂದು ಬದಿ ನಾಲ್ಕೈದು ನಿಮಿಷ. ಉರಿ ಜೋರಾದರೆ ಮೇಲೆ ಚುಕ್ಕೆ, ಒಳಗೆ ಹಸಿ. ಮುರಿದಾಗ ಒಳಗಿನ ಹಸಿ ಹಿಟ್ಟು ಬೆರಳಿಗೆ ಮೆತ್ತಿಕೊಂಡರೆ ಮೇಜಿನ ಮುಂದೆ ಪೇಚಾಟ.

ಇನ್ನು ರಸ. ಹುದುಗಿದ ದ್ರಾಕ್ಷಾರಸವೇ ಆಗಬೇಕು ಎನ್ನುವ ಸಂಪ್ರದಾಯಗಳಿವೆ. ಕಥೋಲಿಕರಲ್ಲಿ ಅದು ದ್ರಾಕ್ಷಿಯದ್ದೇ ಆಗಿರಬೇಕು, ಕೆಟ್ಟಿರಬಾರದು, ಅದಕ್ಕೆ ತುಸು ನೀರು ಬೆರೆಸಬೇಕು. ಹುದುಗದ ರಸದ ರೂಢಿ ಅಮೆರಿಕದ ಮೆಥಡಿಸ್ಟರಿಂದ ಬಂದದ್ದು: 1869ರಲ್ಲಿ ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಎಂಬ ದಂತವೈದ್ಯ ದ್ರಾಕ್ಷಿ ರಸವನ್ನು ಬಾಟಲಿಯಲ್ಲಿ ಕಾಯಿಸಿ, ಹುಳಿಯದಂತೆ ಇಡುವ ವಿಧಾನ ಕಂಡುಕೊಂಡ. ಮದ್ಯವರ್ಜನೆಯ ಹಠ ಇದ್ದ ಸಭೆಗಳಿಗೆ ಅದು ವರವಾಯಿತು. ಅವನು ಬಳಸಿದ್ದು ಕಾನ್ಕಾರ್ಡ್ ದ್ರಾಕ್ಷಿ. ಅದರ ದಾಯಾದಿ ನಮ್ಮಲ್ಲೇ ಇದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ಬ್ಲೂ. ಬೀಜವಿರುವ, ಸಿಪ್ಪೆ ಜಾರುವ, ಗಾಢ ಬಣ್ಣದ, ಗಮ್ಮೆನ್ನುವ ಹಣ್ಣು. ತಿನ್ನಲು ಹುಳಿ, ರಸಕ್ಕೆ ಹೇಳಿ ಮಾಡಿಸಿದ್ದು. ವರ್ಷಕ್ಕೆ ಎರಡು ಬೆಳೆ ಬರುವುದರಿಂದ ಬಹುಪಾಲು ಕಾಲ ಸಿಗುತ್ತದೆ.

ಲೆಕ್ಕ ಹೀಗೆ. ಸಣ್ಣ ಲೋಟ ತುಂಬಾ ಹಾಕಿದರೆ 10 ಎಂ.ಎಲ್. ಆಸುಪಾಸು ಹಿಡಿಯುತ್ತದೆ, ಚೆಲ್ಲದಂತೆ ಮುಕ್ಕಾಲಿಗಿಂತ ಕಡಿಮೆ, ಅಂದರೆ 7 ಎಂ.ಎಲ್. ಹಾಕಿ. 200 ಮಂದಿಗೆ 1.4 ಲೀಟರ್, ಹೆಚ್ಚುವರಿ ಸೇರಿ ಒಂದೂವರೆ. ನೀರು ಸೇರಿಸದೆ ಕಿಲೋ ಹಣ್ಣಿಗೆ 600 ಎಂ.ಎಲ್. ರಸ ಎಂದು ಹಿಡಿಯಿರಿ. ಎರಡೂವರೆಯಿಂದ ಮೂರು ಕಿಲೋ ಬೇಕು. ಒಂದೇ ಪಾತ್ರೆಯಿಂದ ಗುಟುಕಾದರೆ ತಲೆಗೆ 5 ಎಂ.ಎಲ್., ಒಂದು ಲೀಟರ್ ಸಾಕು.

ಹಣ್ಣು ಬಿಡಿಸಿ ತೊಳೆದು ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ, ಒಗರು. ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ, ಆವಿ ಆಡುವ ಆದರೆ ಕುದಿಯದ ಹದದಲ್ಲಿ, ಕಾಲು ಗಂಟೆ ಇಡಿ. ಬಣ್ಣ ಇರುವುದು ಸಿಪ್ಪೆಯಲ್ಲಿ, ಅದು ಬಿಡುವುದು ಈಗ. ತೆಳುಬಟ್ಟೆಯಲ್ಲಿ ಸೋಸಿ, ತಾನಾಗಿ ಇಳಿಯಲು ಬಿಡಿ. ಬಿಗಿಯಾಗಿ ಹಿಂಡಿದರೆ ರಸ ಮಡ್ಡಿಯಾಗುತ್ತದೆ. ಸೋಸಿದ ರಸವನ್ನು ಮತ್ತೆ 80–85 ಡಿಗ್ರಿಗೆ ಕಾಯಿಸಿ ಐದು ನಿಮಿಷ ಹಿಡಿದು, ಬಿಸಿನೀರಿನಲ್ಲಿ ಕುದಿಸಿಟ್ಟ ಗಾಜಿನ ಬಾಟಲಿಗೆ ಬಿಸಿಯಾಗಿಯೇ ಹಾಕಿ ಮುಚ್ಚಿ. ಕೊತಕೊತ ಕುದಿಸಿದರೆ ಜಾಮಿನ ವಾಸನೆ ಬರುತ್ತದೆ. ಕಾಯಿಸದೆ ಬಿಟ್ಟರೆ ಸಿಪ್ಪೆಯ ಮೇಲಿನ ಯೀಸ್ಟ್ ಕೆಲಸ ಶುರು ಮಾಡುತ್ತದೆ: ಮರುದಿನ ನೊರೆ, ಇನ್ನೆರಡು ದಿನಕ್ಕೆ ಮುಚ್ಚಳ ಹಾರುತ್ತದೆ. ಫ್ರಿಜ್‌ನಲ್ಲಿಟ್ಟ ರಸದ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಂಡರೆ ಗಾಬರಿ ಬೇಡ, ಅದು ದ್ರಾಕ್ಷಿಯದ್ದೇ ಹುಳಿಯ ಉಪ್ಪು. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಮುಚ್ಚಳ ತೆರೆದ ಬಾಟಲಿಯನ್ನು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ. ಸಕ್ಕರೆ ಖಂಡಿತ ಬೇಡ. ಸಕ್ಕರೆ ಹಾಕಿದ ರಸ ಲೋಟಗಳ ಬಾಯಿಗೆ ಅಂಟುತ್ತದೆ, ಇರುವೆಗಳಿಗೆ ಆಮಂತ್ರಣ. ಶನಿವಾರ ರಾತ್ರಿಯೇ ಲೋಟ ತುಂಬಿಸಿ ಬಿಳಿ ಬಟ್ಟೆ ಮುಚ್ಚಿ ಹೋದವರು ಬೆಳಗ್ಗೆ ಬಟ್ಟೆ ಎತ್ತಿದಾಗ ಕಾಣುವುದು ಇರುವೆ ಸಾಲು.

ಪಾತ್ರೆಯ ವಿಷಯದಲ್ಲಿ ಹಳ್ಳಿಯ ಸಭೆಗಳಲ್ಲಿ ಒಂದು ಅಪಾಯವಿದೆ. ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯ ಒಳಗಿನ ಕಲಾಯಿ ಅಥವಾ ಲೋಹದ ಲೇಪ ಸವೆದಿದ್ದರೆ ದ್ರಾಕ್ಷಿಯ ಹುಳಿ ಲೋಹವನ್ನು ತಿನ್ನುತ್ತದೆ. ಹುಣಸೆಹುಳಿ ಹಾಕಿದ ಸಾರನ್ನು ಕಲಾಯಿ ಇಲ್ಲದ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಅಜ್ಜಿಯಂದಿರು ಹೇಳಿದ್ದೂ ಇದನ್ನೇ. ಅಂಚಿನಲ್ಲಿ ಹಸಿರು ಕಿಲುಬು ಕಂಡರೆ ಆ ಪಾತ್ರೆಯನ್ನು ಪಕ್ಕಕ್ಕಿಟ್ಟು ಕಲಾಯಿಗೆ ಕೊಡಿ, ಅಲ್ಲಿಯವರೆಗೆ ಸ್ಟೀಲ್ ಲೋಟವಾದರೂ ಸರಿ. ಮರ್ಯಾದೆಗೇನೂ ಕುಂದಿಲ್ಲ.

ಒಂದೇ ಪಾತ್ರೆಯೋ ಸಣ್ಣ ಲೋಟಗಳೋ? ಸಣ್ಣ ಲೋಟಗಳು ಅಮೆರಿಕದಲ್ಲಿ 1890ರ ದಶಕದಲ್ಲಿ ಬಂದವು, ರೋಗಾಣುಗಳ ಹೆದರಿಕೆಯಿಂದ. ಕೋವಿಡ್ ಆದಮೇಲೆ ಹಿಂದೆ ಒಂದೇ ಪಾತ್ರೆ ಬಳಸುತ್ತಿದ್ದ ಕೆಲವು ಕಡೆಯೂ ಅವೇ ಉಳಿದವು. ನನ್ನನ್ನು ಕೇಳಿದರೆ, ಎಂಜಲಿನ ಗೋಡೆ ಒಡೆದ ಆ ಒಂದು ಪಾತ್ರೆಯನ್ನು ಸುಲಭವಾಗಿ ಬಿಟ್ಟುಕೊಡಬಾರದು. ಅದನ್ನು ಉಳಿಸಿಕೊಂಡವರು ಚೊಕ್ಕವಾಗಿ ನಡೆಸಲಿ: ಪ್ರತಿಯೊಬ್ಬರ ನಂತರ ಅಂಚಿನ ಒಳಗೂ ಹೊರಗೂ ಬಟ್ಟೆಯಿಂದ ಒರೆಸಿ, ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ, 30–40 ಮಂದಿಗೊಮ್ಮೆ ಬಟ್ಟೆ ಬದಲಿಸಬೇಕು. ರೊಟ್ಟಿಯನ್ನು ರಸದಲ್ಲಿ ಅದ್ದಿ ತಿನ್ನುವುದು ಸುರಕ್ಷಿತ ಎಂದು ನಂಬುವವರು ಹೆಚ್ಚು. ಆದರೆ ಅದ್ದುವಾಗ ಉಗುರು ರಸಕ್ಕೆ ತಾಗುತ್ತದೆ, ಉಗುರು ತುಟಿಗಿಂತ ಕೊಳಕು. ಅದ್ದಲೇಬೇಕಾದರೆ ಕೊಡುವವರೇ ಅದ್ದಿ ಕೊಡಲಿ. ಕೆಮ್ಮು, ಜ್ವರ ಇರುವವರು ರೊಟ್ಟಿ ಮಾತ್ರ ತೆಗೆದುಕೊಂಡರೂ ಭೋಜನ ಪೂರ್ಣವೇ. ಕುಡಿತ ಬಿಡಲು ಹೆಣಗುತ್ತಿರುವವರಿಗೂ ಇದೇ ಮಾತು. ಹುದುಗಿದ ರಸ ಬಳಸುವ ಸಭೆ ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಬೇಕು, ಒಬ್ಬರೇ ಎದ್ದು ವಿವರಿಸುವ ಸ್ಥಿತಿ ಬರಬಾರದು. ಸಣ್ಣ ಲೋಟದ ಸಭೆಗಳು ಒಂದು ಕೆಲಸ ಮಾಡಬಹುದು: ಎಲ್ಲರ ಕೈಗೂ ಲೋಟ ಬರುವವರೆಗೆ ಕಾದು, ಒಟ್ಟಿಗೆ ಕುಡಿಯುವುದು.

ಹಂಚುವ ಹೊತ್ತಿನಲ್ಲೇ ಹಳೆಯ ಕೊರಿಂಥ ನುಸುಳುವುದು. ಮುಂದಿನ ಕುರ್ಚಿಗಳು ಕಮಿಟಿಯವರಿಗೆ, ಆದ್ದರಿಂದ ಅವರಿಗೆ ಮೊದಲು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂರುವ ಸಭೆಗಳಲ್ಲಿ ಗಂಡಸರ ಸಾಲು ಮುಗಿದ ಮೇಲೆ ಹೆಂಗಸರದ್ದು, ವರ್ಷವಿಡೀ. ಇದನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಬದಲಾಯಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ತಿಂಗಳು ಹಿಂದಿನ ಬೆಂಚಿನಿಂದ ಶುರು ಮಾಡಿ, ಇನ್ನೊಂದು ತಿಂಗಳು ಹೆಂಗಸರ ಕಡೆಯಿಂದ. ಮಂಡಿನೋವಿನವರು, ವಯಸ್ಸಾದವರು ಕೂತಲ್ಲಿಗೇ ಮೊದಲು ರೊಟ್ಟಿ ಹೋಗಲಿ, ಎಲ್ಲ ಮುಗಿದ ಮೇಲೆ "ಇನ್ನು ಯಾರಾದ್ರೂ ಇದ್ದೀರಾ?" ಎಂದು ಮೈಕಿನಲ್ಲಿ ಕೂಗಿ ಅವರ ಕಡೆ ಎಲ್ಲರ ತಲೆ ತಿರುಗಿಸುವುದು ಬೇಡ.

ಹೊತ್ತಿನ ಲೆಕ್ಕವೂ ಬೇಕು. ಮೇಜಿನ ಎದುರಿನ ಕಟಕಟೆಯ ಮುಂದೆ 12 ಮಂದಿ ಮೊಣಕಾಲೂರುವ ಸಭೆಯಲ್ಲಿ ಒಂದು ಸುತ್ತಿಗೆ ಎರಡು ನಿಮಿಷ. 200 ಮಂದಿಗೆ 17 ಸುತ್ತು, 34 ನಿಮಿಷ. ನಿಂತು ತೆಗೆದುಕೊಳ್ಳುವುದಾದರೆ ರೊಟ್ಟಿಗೆ ಇಬ್ಬರು, ಪಾತ್ರೆಗೆ ನಾಲ್ವರು ಇಡಿ. 10–12 ನಿಮಿಷದಲ್ಲಿ ಮುಗಿಯುತ್ತದೆ. ಸಾಲು ಕಟ್ಟಿಕೊಳ್ಳುವುದು ಯಾವಾಗಲೂ ಪಾತ್ರೆಯ ಬಳಿ, ಏಕೆಂದರೆ ಗುಟುಕು, ಒರೆಸುವುದು, ತಿರುಗಿಸುವುದು ಸೇರಿ ರೊಟ್ಟಿಯ ಎರಡರಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕೇ ಪಾತ್ರೆಗೆ ದುಪ್ಪಟ್ಟು ಜನ. ಕೊಡುವವರು ಆತುರಪಡಬಾರದ ಜಾಗ ಒಂದಿದೆ: ಕೊಡುವ ಮಾತು ಹೇಳಿದ ಮೇಲೆ ಎದುರಿನವರು "ಆಮೆನ್" ಅನ್ನುವವರೆಗೆ ಕಾಯಬೇಕು. ಆ ಒಂದು ಮಾತು ತೆಗೆದುಕೊಳ್ಳುವವರದ್ದು, ಅದನ್ನು ಕಸಿಯಬೇಡಿ. ರೊಟ್ಟಿ ಸಾಲದೆ ಬಂದರೆ ಇದ್ದುದನ್ನು ಚೂರು ಮಾಡಿ. ಪೂರಾ ಮುಗಿದರೆ ಹೊಸದನ್ನು ತಂದು ಕರ್ತನ ಮಾತುಗಳನ್ನು ಮತ್ತೆ ಹೇಳಿ ಮುಂದುವರಿಸಬಹುದು. ಅಡುಗೆಮನೆಯಿಂದ ತಂದು ಸುಮ್ಮನೆ ತಟ್ಟೆಗೆ ಸುರಿಯುವಂತಿಲ್ಲ.

ಎಷ್ಟು ಸಲ? 16ನೇ ಶತಮಾನದ ಸುಧಾರಕ ಕಾಲ್ವಿನ್ ಜಿನೀವಾದಲ್ಲಿ ಪ್ರತಿ ವಾರ ಬೇಕೆಂದ. ನಗರಸಭೆ ವರ್ಷಕ್ಕೆ ನಾಲ್ಕೇ ಸಲ ಎಂದಿತು. ಜಾಗತಿಕ ಸಭಾ ಮಂಡಳಿಯ ಆಯೋಗ 1982ರಲ್ಲಿ ಪೆರುವಿನ ಲಿಮಾದಲ್ಲಿ ಒಪ್ಪಿದ ದಸ್ತಾವೇಜು ಕನಿಷ್ಠ ಪ್ರತಿ ಭಾನುವಾರವಾದರೂ ಇರುವುದು ತಕ್ಕದ್ದು ಎನ್ನುತ್ತದೆ. ನಮ್ಮ ಕಡೆ ಒಬ್ಬ ಸಭಾಪಾಲಕರ ಕೈಯಲ್ಲಿ ಹಲವು ಹಳ್ಳಿಗಳ ಸಭೆಗಳಿದ್ದರೆ ಹಳ್ಳಿಯವರ ಪಾಲಿಗೆ ಬರುವುದು ಎರಡು ಮೂರು ತಿಂಗಳಿಗೊಮ್ಮೆ, ಏಕೆಂದರೆ ಅಭಿಷೇಕ ಹೊಂದಿದವರೇ ನಡೆಸಬೇಕು. ಪಟ್ಟಣದವರಿಗೆ ತಿಂಗಳು ತಪ್ಪದು. ಇದೂ ಒಂದು ಪಂಕ್ತಿಭೇದವೇ, ಆದರೆ ಯಾವ ಸಿನೊಡಿನ (ಸಭೆಯ ಆಡಳಿತ ಮಂಡಳಿಯ) ಕಾರ್ಯಸೂಚಿಯಲ್ಲೂ ಆ ಹೆಸರಿನಿಂದ ಬರುವುದಿಲ್ಲ.

ಮೇಜಿಗೆ ಬರಲಾಗದವರ ಲೆಕ್ಕ ಉಳಿಯಿತು. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಯುಸ್ತಿನ ಎಂಬ ರಕ್ತಸಾಕ್ಷಿ, ಭಾನುವಾರದ ಕೂಟ ಮುಗಿದ ಮೇಲೆ ಸಭಾಸೇವಕರು ಗೈರುಹಾಜರಾದವರಿಗೆ ಅದೇ ರೊಟ್ಟಿ, ಅದೇ ರಸ ಒಯ್ಯುತ್ತಾರೆ ಎನ್ನುತ್ತಾನೆ. ಅಲ್ಲೇ ಸಂಗ್ರಹವಾದ ಹಣ ಅನಾಥರಿಗೆ, ವಿಧವೆಯರಿಗೆ, ಸೆರೆಯಲ್ಲಿರುವವರಿಗೆ. ಇದನ್ನು ಇಂದಿಗೂ ಹಾಗೇ ಮಾಡಬಹುದು: ಭಾನುವಾರದ ಮೇಜಿನಿಂದಲೇ ಎತ್ತಿಟ್ಟು ಅದೇ ಮಧ್ಯಾಹ್ನ ಒಯ್ಯುವುದು, ಬುಧವಾರ ಹೊಸ ಬ್ರೆಡ್ ತಂದು ಮನೆಯಲ್ಲಿ ಬೇರೆಯಾಗಿ ಮಾಡುವುದಕ್ಕಿಂತ ಅರ್ಥವಂತಿಕೆಯದು. ಹೋಗುವವರ ಚೀಲದಲ್ಲಿ ಸಣ್ಣ ಡಬ್ಬಿ, ಬಿಗಿ ಮುಚ್ಚಳದ ಚಿಕ್ಕ ಬಾಟಲಿ, ಒಂದು ಚಮಚ, ಎರಡು ಬಿಳಿ ಬಟ್ಟೆ. ಪಾರ್ಶ್ವವಾಯು ಆದವರಿಗೆ ಒಣ ತುಂಡು ಕೊಟ್ಟರೆ ಉಸಿರುನಾಳಕ್ಕೆ ಹೋಗುವ ಅಪಾಯ. ತೆಳುವಾದ ರಸವೂ ಕೆಲವರಿಗೆ ಹಾಗೆಯೇ, ಆದ್ದರಿಂದ ನೋಡಿಕೊಳ್ಳುವವರನ್ನು ಮೊದಲು ಕೇಳಿ, ಕಡಲೆಕಾಳಿನ ಕಾಲು ಭಾಗದಷ್ಟು ಚೂರನ್ನು ರಸದಲ್ಲಿ ನೆನೆಸಿ, ತಲೆ ಎತ್ತರಿಸಿ, ಚಮಚದ ತುದಿಯಿಂದ ಕೊಡಿ. ಬಾಯಿಂದ ಏನೂ ಕೊಡಬಾರದೆಂದು ವೈದ್ಯರು ಹೇಳಿದ್ದರೆ ಪ್ರಾರ್ಥನೆ ಮಾತ್ರ ಮಾಡಿ, ತೆಗೆದುಕೊಂಡಂತೆಯೇ ಎಂದು ಅವರಿಗೆ ತಿಳಿಯಹೇಳಿ. ಮನೆಯಲ್ಲಿ ಆರೈಕೆಗೆ ಕಟ್ಟಿಬಿದ್ದು ತಿಂಗಳುಗಟ್ಟಲೆ ಚರ್ಚಿಗೆ ಬಾರದ ಸೊಸೆಯೋ ಮಗಳೋ ಇರುತ್ತಾಳೆ. ಅವಳಿಗೂ ಒಂದು ತುಂಡು ಒಯ್ದಿರಬೇಕು.

ಮಿಕ್ಕಿದ್ದನ್ನು ಆರಾಧನೆ ಮುಗಿದ ಕೂಡಲೇ ಅಲ್ಲೇ ಇರುವವರು ತಿಂದು ಕುಡಿದು ಮುಗಿಸುವುದು ಕ್ರಮ. ಮಕ್ಕಳು ಬಿಸ್ಕತ್ತಿನಂತೆ ಎತ್ತಿಕೊಂಡು ಓಡಲು ಬಿಡಬೇಡಿ. ಪಾತ್ರೆಗೆ ನೀರು ಹಾಕಿ ಗಲಬರಿಸಿ ಕುಡಿಯಿರಿ ಅಥವಾ ಗಿಡದ ಬುಡಕ್ಕೆ ಹಾಕಿ, ಬಚ್ಚಲಿಗೆ ಬೇಡ. ಬಟ್ಟೆಗೆ ರಸ ಬಿದ್ದಿದ್ದರೆ ಒಣಗುವ ಮುಂಚೆ ಕಲೆಯ ಹಿಂಬದಿಯಿಂದ ತಣ್ಣೀರು ಬಿಡಿ, ಆಮೇಲೆ ಉಪ್ಪು ಹಾಕಿ ಹತ್ತು ನಿಮಿಷ. ಮೊದಲೇ ಸೋಪು ಹಚ್ಚಿದರೆ ಕೆಂಪು ಕಲೆ ನೀಲಿಗೆ ತಿರುಗುತ್ತದೆ.